ಯಾವ ಮನೆಗೆ ಯಾವ ನಾಯಿ?

ಬೀದಿಯಿಂದ, ಅಪಘಾತದಿಂದ, ಸಾಕಿದವರು ಬಿಟ್ಟುಹೋದ ಮನೆಗಳಿಂದ ರಕ್ಷಿಸಿ ತಂದ ನಾಯಿಗಳನ್ನು ದತ್ತು ಪಡೆಯುವ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಉತ್ತರ ಬರೆದವರು ಇಂಥ ನಾಯಿಗಳಿಗೆ ಮನೆ ಹೊಂದಿಸಿಕೊಡುವ ಸ್ವಯಂಸೇವಕರು ಮತ್ತು ಒಬ್ಬ ಪಶುವೈದ್ಯರು. ‘ಯಾವ ತಳಿ ಒಳ್ಳೆಯದು’ ಎಂದಷ್ಟೇ ಬರೆದವರು ಬೇಸರ ಮಾಡಿಕೊಳ್ಳಬಾರದು. ನಿಮ್ಮ ಮನೆಯ ದಿನಚರಿ ಗೊತ್ತಿಲ್ಲದೆ ಅದಕ್ಕೆ ಉತ್ತರವಿಲ್ಲ.

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟರೆ ಮನೆ ಸೇರುವುದು ಸಂಜೆ ಏಳಕ್ಕೆ. ಮೂರನೇ ಮಹಡಿಯ ಫ್ಲ್ಯಾಟು. ಎರಡು ತಿಂಗಳ ಇಂಡಿ (ನಾಡತಳಿ) ಮರಿಯೊಂದನ್ನು ನೋಡಿಟ್ಟಿದ್ದೇವೆ. ಆಶ್ರಯಧಾಮದವರು ‘ನಿಮಗೆ ಮರಿ ಬೇಡ, ದೊಡ್ಡ ನಾಯಿ ನೋಡಿ’ ಅನ್ನುತ್ತಾರೆ. ಚಿಕ್ಕಂದಿನಿಂದ ಬೆಳೆಸಿದರೆ ತಾನೇ ನಮ್ಮ ಮಾತು ಕೇಳುವುದು? (ದಂಪತಿ, ಬೆಂಗಳೂರು)

ಅವರು ಹೇಳಿದ್ದು ಸರಿ. ಲೆಕ್ಕ ಹಾಕಿ ನೋಡಿ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿದರೆ ಸಿಗುವಷ್ಟು ಗಂಟೆ ಮಾತ್ರ ಅದು ಉಚ್ಚೆ ತಡೆದುಕೊಳ್ಳಬಲ್ಲದು. ಎರಡು ತಿಂಗಳ ಮರಿಗೆ ಮೂರು ಗಂಟೆ, ಅದೂ ಹೆಚ್ಚೆಂದರೆ. ನೀವು ಹೊರಗಿರುವ ಹತ್ತು ಗಂಟೆಯಲ್ಲಿ ಅದು ಮೂರು ನಾಲ್ಕು ಸಲ ಮನೆಯೊಳಗೇ ಮಾಡಿ, ಅದರಲ್ಲೇ ಹೊರಳಾಡಿ, ‘ಇದೇ ಕಕ್ಕಸು’ ಎಂದು ಕಲಿತುಬಿಡುತ್ತದೆ. ಆ ವಯಸ್ಸಿಗೆ ದಿನಕ್ಕೆ ನಾಲ್ಕು ಹೊತ್ತು ಊಟ ಬೇರೆ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಮೂರು ವಾರದಿಂದ ಸುಮಾರು ಹದಿನಾಲ್ಕು ವಾರದವರೆಗೆ ಮರಿ ಏನೇನು ನೋಡುತ್ತದೋ ಅದಕ್ಕೆ ಮುಂದೆ ಹೆದರುವುದು ಕಡಿಮೆ: ಆಟೋ, ಕೊಡೆ, ಹೆಲ್ಮೆಟ್ ಹಾಕಿದವರು, ಗ್ಯಾಸ್ ಸಿಲಿಂಡರ್ ಉರುಳಿಸುವ ಸದ್ದು. ಆ ದಿನಗಳನ್ನು ಖಾಲಿ ಫ್ಲ್ಯಾಟಿನಲ್ಲಿ ಕಳೆದ ಮರಿ ಅಂಜುಬುರುಕ ನಾಯಿಯಾಗಿ ಬೆಳೆಯುತ್ತದೆ. ಲಸಿಕೆ ಹದಿನಾರು ವಾರಕ್ಕೆ ಮುಗಿಯುವುದರಿಂದ ಅಲ್ಲಿಯವರೆಗೆ ಬೇರೆ ನಾಯಿಗಳು ಓಡಾಡುವ ನೆಲಕ್ಕೂ ಬಿಡುವಂತಿಲ್ಲ. ಎತ್ತಿಕೊಂಡೇ ಊರು ತೋರಿಸಬೇಕು. ಅದಕ್ಕೆ ನಿಮ್ಮಲ್ಲಿ ಯಾರಿಗೆ ಪುರಸತ್ತಿದೆ?

‘ಚಿಕ್ಕಂದಿನಿಂದ ಬೆಳೆಸಿದರೆ’ ಅನ್ನುವುದರಲ್ಲಿ ಅರ್ಧ ಸತ್ಯವಿದೆ. ಆದರೆ ಬೀದಿ ಮರಿಯ ತಾಯಿ ಗೊತ್ತಿದ್ದರೂ ತಂದೆ ಯಾರೆಂದು ಗೊತ್ತಿರುವುದಿಲ್ಲ. ಅದು ಹದಿನೈದು ಕಿಲೋಗೆ ನಿಲ್ಲುತ್ತದೋ ಇಪ್ಪತ್ತೈದಕ್ಕೆ ಹೋಗುತ್ತದೋ, ಬೊಗಳುತ್ತದೋ ಸುಮ್ಮನಿರುತ್ತದೋ, ಈಗ ಯಾರೂ ಹೇಳಲಾರರು. ಎರಡರಿಂದ ನಾಲ್ಕು ವರ್ಷದ ನಾಯಿಯಲ್ಲಿ ಇದೆಲ್ಲ ಕಣ್ಣೆದುರಿಗೇ ಇರುತ್ತದೆ. ಅಂಥದ್ದು ಆರರಿಂದ ಎಂಟು ಗಂಟೆ ತಡೆದುಕೊಳ್ಳುತ್ತದೆ. ಹತ್ತು ಗಂಟೆ ಅದಕ್ಕೂ ಹೆಚ್ಚೇ. ಮಧ್ಯಾಹ್ನ ಒಂದು ಗಂಟೆಗೆ ಬಂದು ಅರ್ಧ ಗಂಟೆ ಹೊರಗೆ ತಿರುಗಾಡಿಸುವವರನ್ನು ಮೊದಲು ಗೊತ್ತುಮಾಡಿ, ಆಮೇಲೆ ನಾಯಿ. ಅದು ಆಗದಿದ್ದರೆ ಸದ್ಯಕ್ಕೆ ನಾಯಿಯೇ ಬೇಡ.

ನೋಡಲು ಹೋದಾಗ ಗೂಡಿನ ಸರಳುಗಳ ಹಿಂದೆ ಕಾಣುವುದನ್ನು ನಂಬಬೇಡಿ. ಅಕ್ಕಪಕ್ಕದ ಇಪ್ಪತ್ತು ನಾಯಿ ಬೊಗಳಿದರೆ ಎಂಥ ಸಾಧು ನಾಯಿಯೂ ಬೊಗಳುತ್ತದೆ. ಮೂಲೆಯಲ್ಲಿ ಮುದುಡಿ ಕೂತದ್ದನ್ನು ‘ಪಾಪ, ಎಷ್ಟು ಶಾಂತ’ ಅಂದುಕೊಳ್ಳುತ್ತೇವೆ. ಅದು ಹೆದರಿ ಮರಗಟ್ಟಿರುತ್ತದೆ ಅಷ್ಟೆ. ಹೊರಗೆ ಕರೆದುಕೊಂಡು ಹೋಗಲು ಕೇಳಿ, ಕನಿಷ್ಠ ಇಪ್ಪತ್ತು ನಿಮಿಷ. ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂರಿ, ದಿಟ್ಟಿಸಬೇಡಿ. ಬೇಯಿಸಿದ ಕೋಳಿಯ ಮೂಳೆಯಿಲ್ಲದ ಚೂರು ಹಾಕಿ. ಅದನ್ನೂ ಮೂಸದಿದ್ದರೆ ತುಂಬ ಗಾಬರಿಯಲ್ಲಿದೆ ಎಂದರ್ಥ. ಬಳಿ ಬಂದರೆ ಎದೆಯ ಹತ್ತಿರ ಮೂರು ಸೆಕೆಂಡು ಸವರಿ ಕೈ ಹಿಂದಕ್ಕೆ ತೆಗೆಯಿರಿ. ಮತ್ತೆ ಬಂದು ಒರಗಿತೋ, ಮುಟ್ಟಿಸಿಕೊಳ್ಳುವುದು ಅದಕ್ಕೆ ಇಷ್ಟ. ಮುಖ ಆಚೆ ತಿರುಗಿಸಿ ತುಟಿ ನೆಕ್ಕಿಕೊಂಡಿತೋ, ಸಾಕು ಅನ್ನುತ್ತಿದೆ. ಆಮೇಲೆ ಬೀಗದ ಕೈಗೊಂಚಲನ್ನು ಐದಾರು ಅಡಿ ದೂರದಲ್ಲಿ ಬೀಳಿಸಿ. ಬೆಚ್ಚುವುದು ತಪ್ಪಲ್ಲ, ಎಷ್ಟು ಹೊತ್ತಿಗೆ ಚೇತರಿಸಿಕೊಳ್ಳುತ್ತದೆ ನೋಡಿ. ಹತ್ತು ಹದಿನೈದು ಸೆಕೆಂಡಿನಲ್ಲಿ ಬಂದು ಗೊಂಚಲು ಮೂಸಿದರೆ ಕುಕ್ಕರ್ ಸೀಟಿಗೂ ಮೇಲಿನ ಮನೆಯ ಡ್ರಿಲ್ಲಿಗೂ ಒಗ್ಗೀತು. ಐದು ನಿಮಿಷವಾದರೂ ಬಾಲ ಹೊಟ್ಟೆಯಡಿಗೇ ಇದ್ದರೆ ಅದಕ್ಕೆ ಫ್ಲ್ಯಾಟು ಹಿಂಸೆ. ಊರ ಹೊರಗಿನ ತೋಟದ ಮನೆ ಆದೀತು. ಬೇರೊಂದು ಹೊತ್ತಿನಲ್ಲಿ ಇನ್ನೊಮ್ಮೆ ಹೋಗಿ ನೋಡಿಯೇ ತೀರ್ಮಾನಿಸಿ. ತಟ್ಟೆಗೆ ಕೈಹಾಕಿ ‘ಕಚ್ಚುತ್ತದಾ’ ಎಂದು ಪರೀಕ್ಷೆ ಮಾಡುವವರಿದ್ದಾರೆ, ನೀವು ಮಾಡಬೇಡಿ. ಗೂಡಿನಲ್ಲಿ ತಟ್ಟೆ ಕಾಯುವ ಎಷ್ಟೋ ನಾಯಿಗಳು ಮನೆಯಲ್ಲಿ ಹೊಟ್ಟೆತುಂಬ ಸಿಕ್ಕ ಮೇಲೆ ಆ ಚಾಳಿ ಬಿಡುತ್ತವೆ.

ನಾಯಿ ಯಾರದಾದರೂ ಫೋಸ್ಟರ್ ಮನೆಯಲ್ಲಿದ್ದರೆ (ದತ್ತು ಹೋಗುವವರೆಗೆ ತಾತ್ಕಾಲಿಕವಾಗಿ ಸಾಕುವವರ ಮನೆ) ಅವರನ್ನು ಒಂದೇ ಒಂದು ಪ್ರಶ್ನೆ ಕೇಳಿ: ಮನೆಯಲ್ಲಿ ಯಾರೂ ಇಲ್ಲದಾಗ ಅರ್ಧ ಗಂಟೆ ಏನು ಮಾಡುತ್ತದೆ? ‘ಬಾಗಿಲು ಕೆರೆಯುತ್ತದೆ, ಊಳಿಡುತ್ತದೆ’ ಅಂದರೆ, ಅದು ಎಷ್ಟೇ ಮುದ್ದಾಗಿರಲಿ, ನಿಮ್ಮ ಮನೆಗಲ್ಲ.

ಪ್ರಶ್ನೆ: ನಾಯಿ ದತ್ತು ಕೇಳಿದ್ದಕ್ಕೆ ಸಂಸ್ಥೆಯೊಂದು ನಾಲ್ಕು ಪುಟದ ಅರ್ಜಿ ತುಂಬಿಸಿತು. ಮನೆ ನೋಡಲು ಬಂದರು, ಬಾಲ್ಕನಿ ಅಳೆದರು, ಅತ್ತೆಯವರನ್ನು ಬೇರೆಯಾಗಿ ಮಾತಾಡಿಸಿದರು. ಹೆಣ್ಣು ಕೇಳಲು ಹೋದಾಗಲೂ ನಮ್ಮವರನ್ನು ಇಷ್ಟು ವಿಚಾರಿಸಿರಲಿಲ್ಲ! (ಓದುಗರು, ಮೈಸೂರು)

ಕೇಳಿದ ಧಾಟಿ ಒರಟಾಗಿದ್ದರೆ ಅದು ಅವರ ತಪ್ಪು. ಪ್ರಶ್ನೆಗಳು ಮಾತ್ರ ಬೇಕಾದವೇ. ಒಂದೊಂದರ ಹಿಂದೆಯೂ ವಾಪಸ್ ಬಂದ ನಾಯಿಯೊಂದು ಇರುತ್ತದೆ. ಬಾಡಿಗೆ ಮನೆಯವರನ್ನು ಮಾಲೀಕರ ಒಪ್ಪಿಗೆ ಪತ್ರ ಕೇಳುವುದು, ಮನೆ ಬದಲಿಸುವಾಗ ನಾಯಿ ಗೇಟಿನಾಚೆ ಉಳಿಯದಿರಲಿ ಎಂದು. ಬಾಲ್ಕನಿ ಸರಳುಗಳ ನಡುವೆ ನಾಲ್ಕು ಬೆರಳಿಗಿಂತ ಹೆಚ್ಚು ಸಂದಿದ್ದರೆ ಮರಿಯ ತಲೆ ತೂರುತ್ತದೆ. ತಲೆ ತೂರಿದ ಕಡೆ ಮೈಯೂ ತೂರುತ್ತದೆ. ಕೋಳಿಬಲೆ ಕಟ್ಟಿದರೆ ಮುಗಿಯಿತು. ಅತ್ತೆಯವರನ್ನು ಬೇರೆಯಾಗಿ ಮಾತಾಡಿಸಿದ್ದೂ ಸುಮ್ಮನೆ ಅಲ್ಲ. ಹಗಲೆಲ್ಲ ಮನೆಯಲ್ಲಿರುವವರು ಅವರು. ಎಲ್ಲರೆದುರು ಹೂಂ ಅಂದು ಮನಸ್ಸಿನಲ್ಲಿ ಒಲ್ಲೆ ಅಂದುಕೊಂಡರೆ ತಿಂಗಳೊಳಗೆ ನಾಯಿ ಹಿತ್ತಲಲ್ಲಿ ಸರಪಳಿಯಲ್ಲಿರುತ್ತದೆ. ‘ರಾತ್ರಿ ಎಲ್ಲಿ ಮಲಗಿಸುತ್ತೀರಿ’ ಎಂಬ ಪ್ರಶ್ನೆಗೆ ‘ಗೇಟಿನ ಹತ್ತಿರ, ಕಾವಲಿಗೆ’ ಎಂದವರ ಅರ್ಜಿ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ.

ನೀವೂ ಅವರನ್ನು ವಿಚಾರಿಸಿ. ಲಸಿಕೆ ಕಾರ್ಡಿನಲ್ಲಿ ಸೀಸೆಯಿಂದ ಕಿತ್ತು ಅಂಟಿಸಿದ ಚೀಟಿ, ಬ್ಯಾಚ್ ಸಂಖ್ಯೆ, ವೈದ್ಯರ ಸಹಿ ಮೊಹರು ಇರಬೇಕು. ಬರೀ ಪೆನ್ನಿನಲ್ಲಿ ‘ಹಾಕಿದೆ’ ಎಂದು ಬರೆದದ್ದು ಸಾಲದು. ಸಂತಾನಹರಣ ಶಸ್ತ್ರಚಿಕಿತ್ಸೆಯ ದಿನಾಂಕ, ಹುಳದ ಮಾತ್ರೆ ಕೊಟ್ಟ ದಿನ, ಉಣ್ಣೆ ಜ್ವರದ (ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆಯಿಂದ ಬರುವ ಜ್ವರ) ರಕ್ತಪರೀಕ್ಷೆ ಆಗಿದೆಯೇ, ಮೊದಲೊಮ್ಮೆ ಯಾರಿಗಾದರೂ ಕೊಟ್ಟು ವಾಪಸ್ ಬಂದದ್ದೇ, ಯಾಕೆ ಬಂತು, ಎಲ್ಲ ಕೇಳಿ. ನಾಯಿಯನ್ನು ತೋರಿಸುವ ಮೊದಲೇ ‘ಸಾಗಾಟದ ಖರ್ಚು’ ಎಂದು ಫೋನಿನಲ್ಲಿ ಹಣ ಕೇಳಿದರೆ ಕಳಿಸಬೇಡಿ. ಕದ್ದ ಫೋಟೊ ತೋರಿಸಿ ಹಣ ಎತ್ತುವವರು ಈ ದಾರಿಯಲ್ಲೂ ಇದ್ದಾರೆ.

ಪ್ರಶ್ನೆ: ಮೂರು ವರ್ಷದ ಹೆಣ್ಣುನಾಯಿ ತಂದು ನಾಲ್ಕು ದಿನವಾಯಿತು. ಮಂಚದ ಕೆಳಗಿನಿಂದ ಈಚೆಗೇ ಬರುತ್ತಿಲ್ಲ. ನಿನ್ನೆ ರಾತ್ರಿ ಒಂದಿಷ್ಟು ಅನ್ನ ತಿಂದಿದೆ. ನಮ್ಮನ್ನು ಕಂಡರೆ ಆಗುವುದಿಲ್ಲವೇನೋ. (ಗೃಹಿಣಿ, ಶಿವಮೊಗ್ಗ)

ಅದಕ್ಕೆ ನೀವಿನ್ನೂ ಯಾರೆಂದೇ ಗೊತ್ತಿಲ್ಲ. ಈ ಕೆಲಸದವರ ಬಾಯಲ್ಲಿ ‘ಮೂರು-ಮೂರು-ಮೂರು’ ಎಂಬ ಅಂದಾಜೊಂದು ಓಡಾಡುತ್ತದೆ: ಗಾಬರಿ ಇಳಿಯಲು ಮೂರು ದಿನ, ಮನೆಯ ಹೊತ್ತುಗೊತ್ತು ಅರಿಯಲು ಮೂರು ವಾರ, ಇದು ನನ್ನ ಮನೆ ಅನ್ನಿಸಲು ಮೂರು ತಿಂಗಳು. ಕೆಲವಕ್ಕೆ ಇದರ ಎರಡರಷ್ಟು ಬೇಕಾಗುತ್ತದೆ.

ಮಂಚದ ಕೆಳಗೆ ಕೈಹಾಕಿ ಎಳೆಯಬೇಡಿ. ಮೊದಲ ವಾರದ ಕಡಿತಗಳಲ್ಲಿ ಬಹಳಷ್ಟು ಆಗುವುದು ಅಲ್ಲೇ. ನೀರಿನ ಬಟ್ಟಲನ್ನು ಅದರ ಬಾಯಿಗೆ ಎಟುಕುವಲ್ಲಿಟ್ಟು ಈಚೆ ಬನ್ನಿ. ಊಟವನ್ನು ದಿನವೂ ಅದೇ ಹೊತ್ತಿಗೆ ಇಡಿ, ದಿನಕ್ಕೆ ಒಂದೊಂದು ಗೇಣು ಮಂಚದಿಂದ ದೂರಕ್ಕೆ. ಅದೇ ಕೋಣೆಯಲ್ಲಿ ನೆಲದ ಮೇಲೆ ಕೂತು ನಿಮ್ಮ ಪಾಡಿಗೆ ಸೊಪ್ಪು ಬಿಡಿಸಿ, ಪೇಪರ್ ಓದಿ. ನೆಂಟರಿಷ್ಟರು ‘ನಾಯಿ ನೋಡಿ ಹೋಗೋಣ’ ಎಂದು ಬರುವುದನ್ನು ಎರಡು ವಾರ ಮುಂದೂಡಿ. ಸ್ನಾನವೂ ಈಗ ಬೇಡ, ವಾಸನೆ ಬಂದರೂ ಸಹಿಸಿಕೊಳ್ಳಿ.

ಹೊರಗೆ ಕರೆದೊಯ್ಯುವಾಗಲೇ ನಿಜವಾದ ಅಪಾಯ. ಹೆದರಿದ ನಾಯಿ ಹಿಮ್ಮುಖವಾಗಿ ಎಳೆದರೆ ಕುತ್ತಿಗೆಯ ಬೆಲ್ಟು ತಲೆಯ ಮೇಲಿಂದ ಜಾರಿ ಬರುತ್ತದೆ. ಬೆಲ್ಟಿಗೊಂದು, ಎದೆಗೆ ಹಾಕುವ ಹಾರ್ನೆಸ್ಸಿಗೊಂದು ಎಂದು ಎರಡು ಲೀಶ್ (ಹಿಡಿದು ನಡೆಸುವ ಹಗ್ಗ) ಕಟ್ಟಿ. ಬೆಲ್ಟಿನೊಳಗೆ ಎರಡು ಬೆರಳು ಹೋಗಬೇಕು, ಮೂರು ಹೋದರೆ ಸಡಿಲ. ಫೋನ್ ನಂಬರಿನ ಬಿಲ್ಲೆ ಮೊದಲ ದಿನವೇ ಇರಲಿ. ಮೈಕ್ರೋಚಿಪ್ ಹಾಕಿದೆ ಎಂದು ನೆಮ್ಮದಿಯಾಗಿರುವವರು ಗಮನಿಸಿ: ಅದರಲ್ಲಿರುವುದು ಹದಿನೈದು ಅಂಕಿಯ ಒಂದು ಸಂಖ್ಯೆ ಮಾತ್ರ. ಸ್ಕ್ಯಾನರ್ ಇದ್ದವರಿಗೆ ನಾಯಿ ಸಿಕ್ಕಿದರೆ ಗುರುತು ಹೇಳುತ್ತದೆ, ನಾಯಿ ಎಲ್ಲಿದೆ ಎಂದು ಹೇಳುವುದಿಲ್ಲ.

ವೈದ್ಯರ ಬಳಿ ಓಡಬೇಕಾದದ್ದು ಯಾವಾಗ ಅಂದರೆ, ಇಪ್ಪತ್ನಾಲ್ಕು ಗಂಟೆಯಾದರೂ ಉಚ್ಚೆ ಮಾಡದಿದ್ದರೆ, ದೊಡ್ಡ ನಾಯಿ ಎರಡು ದಿನ ಏನೂ ಮುಟ್ಟದಿದ್ದರೆ, ವಾಂತಿ ಭೇದಿ ಕಂಡರೆ, ಮೂಗು ಕಣ್ಣಿನಿಂದ ಗೊಣ್ಣೆ ಸುರಿದರೆ. ಒಸಡು ಬಿಳಿಚಿಕೊಂಡು ಮೂಗಿನಲ್ಲಿ ರಕ್ತ ಬಂದರೆ ಅದು ಉಣ್ಣೆ ಜ್ವರವಿರಬಹುದು. ಮೈಯಲ್ಲಿ ಅಡಗಿದ್ದದ್ದು ಜಾಗ ಬದಲಾದ ದಣಿವಿಗೆ ತಲೆ ಎತ್ತುವುದುಂಟು. ಉಣ್ಣೆಯಿಂದ ಬರುವ ಎರ್ಲಿಕಿಯಾ ಎಂಬ ರೋಗಾಣು ಎಂದು ಗೊತ್ತಾದರೆ ಡಾಕ್ಸಿಸೈಕ್ಲಿನ್ ಮಾತ್ರೆ ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ಐದನೇ ದಿನಕ್ಕೆ ನಾಯಿ ಗೆಲುವಾಯಿತೆಂದು ಮಾತ್ರೆ ನಿಲ್ಲಿಸುವುದೇ ರೋಗ ಮರುಕಳಿಸಲು ದಾರಿ.

ಪ್ರಶ್ನೆ: ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. ಮೊಸರನ್ನ, ರಾಗಿ ಮುದ್ದೆ ಹಾಕಿ ನಾಯಿ ಸಾಕಬಹುದೇ? ಇದೇ ಕಾರಣಕ್ಕೆ ಒಬ್ಬರು ನಾಯಿ ಕೊಡಲಿಲ್ಲ. (ನಿವೃತ್ತ ಶಿಕ್ಷಕರು, ಉಡುಪಿ)

ಸಾಕಬಹುದು. ಮೊಸರನ್ನದಲ್ಲಿ ಮಾತ್ರ ಆಗುವುದಿಲ್ಲ. ನಾಯಿ ಬೆಕ್ಕಿನಷ್ಟು ಕಟ್ಟಾ ಮಾಂಸಾಹಾರಿಯಲ್ಲ, ಮನುಷ್ಯರ ಜೊತೆ ಸಾವಿರಾರು ವರ್ಷ ಇದ್ದು ಪಿಷ್ಟ ಅರಗಿಸಿಕೊಳ್ಳುವುದನ್ನು ಕಲಿತಿದೆ. ತೊಡಕಿರುವುದು ಪ್ರೋಟೀನಿನಲ್ಲಿ. ಬೆಳೆದ ನಾಯಿಯ ಆಹಾರದಲ್ಲಿ, ನೀರಿನಂಶ ಕಳೆದು ಲೆಕ್ಕ ಹಾಕಿದರೆ, ಶೇ. 18ರಷ್ಟಾದರೂ ಪ್ರೋಟೀನ್ ಇರಬೇಕು. ಬೆಳೆಯುವ ಮರಿಗೆ ಶೇ. 22ಕ್ಕೂ ಮೇಲೆ. ಅಕ್ಕಿ, ರಾಗಿ ಎರಡರಲ್ಲೂ ಇರುವುದು ಶೇ. ಏಳರ ಆಸುಪಾಸು. ಒಂದೆರಡು ಚಮಚ ಮೊಸರು ಆ ಕೊರತೆ ತುಂಬುವುದಿಲ್ಲ. ಹೊಟ್ಟೆ ತುಂಬುತ್ತದೆ, ಮೈ ಕಟ್ಟುವುದಿಲ್ಲ. ಕೂದಲು ಒರಟಾಗುತ್ತದೆ, ಬೆನ್ನಿನ ಸ್ನಾಯು ಕರಗುತ್ತದೆ.

ನಿಮ್ಮ ಮನೆಗೆ ಹೊಂದುವುದು ಮೂರು ವರ್ಷ ದಾಟಿದ, ಹೊಟ್ಟೆಯ ತಕರಾರಿಲ್ಲದ, ಹದಿನೈದು ಕಿಲೋ ಆಸುಪಾಸಿನ ಇಂಡಿ. ಮರಿ ಬೇಡ, ಭಾರಿ ತಳಿಯೂ ಬೇಡ. ಅಷ್ಟು ತೂಕದ, ಸಂತಾನಹರಣವಾದ ನಾಯಿಗೆ ದಿನಕ್ಕೆ ಸುಮಾರು 850 ಕ್ಯಾಲೊರಿ ಬೇಕು. ಅದರಲ್ಲಿ ಹೆಚ್ಚಿನ ಪಾಲು ‘ಸಂಪೂರ್ಣ ಆಹಾರ’ ಎಂದು ಚೀಲದ ಮೇಲೆ ಬರೆದಿರುವ ಸಸ್ಯಾಹಾರಿ ನಾಯಿ ಆಹಾರದಿಂದ ಬರಲಿ. ಅದರ ಮೇಲೆ ಮನೆಯ ಪನೀರ್, ಬೇಯಿಸಿದ ಬೇಳೆ, ಸೋಯಾ, ಕುಂಬಳಕಾಯಿ. ಆರು ತಿಂಗಳಿಗೊಮ್ಮೆ ತೂಕ, ವರ್ಷಕ್ಕೊಮ್ಮೆ ರಕ್ತಪರೀಕ್ಷೆ. ನಾಯಿ ಕೊಡದವರಿಗೆ ಈ ಲೆಕ್ಕ ತೋರಿಸಿದರೆ ಮನಸ್ಸು ಬದಲಿಸಿಯಾರು.

ಎಲೆಯಲ್ಲಿ ಉಳಿದದ್ದನ್ನು ಹಾಕುವ ರೂಢಿಗೆ ಒಂದು ಎಚ್ಚರಿಕೆ. ಈರುಳ್ಳಿ ಹುಳಿ ಕಲಸಿದ ಅನ್ನ ನಾಯಿಗೆ ವಿಷ, ಬೇಯಿಸಿದ ಈರುಳ್ಳಿಯೂ ಸೇರಿ. ಪಾಯಸದ ಒಣದ್ರಾಕ್ಷಿಯಿಂದ ಕಿಡ್ನಿ ಕೆಟ್ಟ ನಾಯಿಗಳಿವೆ, ಇಷ್ಟು ತಿಂದರೆ ಪರವಾಗಿಲ್ಲ ಎಂಬ ಅಳತೆ ಅದಕ್ಕಿಲ್ಲ.

ಪ್ರಶ್ನೆ: ನಾಲ್ಕು ವರ್ಷದ ಮಗನಿದ್ದಾನೆ. ಒಂದು ತಿಂಗಳ ಹಿಂದೆ ತಂದ ನಾಯಿ ಮೊನ್ನೆ ಅವನ ಮೇಲೆ ಗುರ್ ಅಂದಿತು. ಯಜಮಾನರು ಪೇಪರ್ ಸುತ್ತಿ ಒಂದು ಬಿಟ್ಟರು. ಈಗ ಗುರ್ ಅನ್ನುತ್ತಿಲ್ಲ. ಇನ್ನು ಭಯವಿಲ್ಲ ತಾನೇ? (ತಾಯಿ, ಹುಬ್ಬಳ್ಳಿ)

ಭಯ ಈಗ ಹೆಚ್ಚಿದೆ. ಗುರ್ ಅನ್ನುವುದು ನಾಯಿ ಕೊಡುವ ನೋಟಿಸು. ಹೊಡೆದು ಆ ನೋಟಿಸನ್ನು ನಿಲ್ಲಿಸಿದ್ದೀರಿ, ಒಳಗಿನ ಕಿರಿಕಿರಿ ಹಾಗೇ ಇದೆ. ಮುಂದಿನ ಸಲ ನೋಟಿಸಿಲ್ಲದೆ ಹಲ್ಲು ಬಂದೀತು. ಇನ್ನು ಹೊಡೆಯಬೇಡಿ.

ಮೊದಲು ನೆನಪು ಮಾಡಿಕೊಳ್ಳಿ: ಗುರ್ ಅಂದಾಗ ಅದು ಮಲಗಿತ್ತೇ, ತಿನ್ನುತ್ತಿತ್ತೇ, ಮೂಲೆಗೆ ಸಿಕ್ಕಿತ್ತೇ, ಮಗ ಕುತ್ತಿಗೆ ತಬ್ಬಿದ್ದನೇ? ಸಾಮಾನ್ಯವಾಗಿ ಈ ನಾಲ್ಕರಲ್ಲೊಂದು. ಮಗು ಪ್ರೀತಿಯಿಂದ ತಬ್ಬುತ್ತದೆ. ನಾಯಿಗೆ ಅದು ಯಾರೋ ಹಿಡಿದು ಕಟ್ಟಿದಂತೆ. ಗುರ್ ಅನ್ನುವ ಮೊದಲೇ ಅದು ಇನ್ನೂ ನಾಲ್ಕು ಮಾತು ಆಡಿರುತ್ತದೆ: ನಿದ್ದೆ ಬರದಿದ್ದರೂ ಆಕಳಿಸುವುದು, ತುಟಿ ನೆಕ್ಕುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆ ನೋಡುವುದು, ಬಾಯಿ ಮುಚ್ಚಿ ಮೈ ಸೆಟೆಸಿ ನಿಲ್ಲುವುದು. ಕೊನೆಯದು ಕಂಡ ಕೂಡಲೇ ಮಗುವನ್ನು ಎತ್ತಿಕೊಳ್ಳಿ. ನಾಯಿಯನ್ನು ಎಳೆಯಬೇಡಿ.

ಮನೆಯಲ್ಲಿ ನಾಯಿಗೊಂದು ಮೂಲೆ ಮಾಡಿ, ಮಗ ಅಲ್ಲಿಗೆ ಹೋಗುವಂತಿಲ್ಲ. ಅಡುಗೆಮನೆ ಬಾಗಿಲಿಗೆ ಹಾಕುವಂಥ ಮೂರಡಿಯ ಗೇಟು ಸಾಕು. ಊಟ ಗೇಟಿನಾಚೆ. ನೀವು ಸ್ನಾನಕ್ಕೆ ಹೋದರೂ, ಕೊರಿಯರ್ ಬಂದು ಬಾಗಿಲಿಗೆ ಹೋದರೂ, ನಡುವೆ ಗೇಟು ಮುಚ್ಚಿರಬೇಕು. ಮಗ ಕೂತಾಗ ನಾಯಿ ತಾನಾಗಿ ಬಂದರೆ ಮಾತ್ರ, ಮೂರು ಎಣಿಸುವಷ್ಟು ಹೊತ್ತು, ಎದೆಯ ಬಳಿ ಸವರಲಿ. ಹೀಗೆ ಮಾಡಿಯೂ ನಾಯಿ ಮಗುವನ್ನೇ ದಿಟ್ಟಿಸಿ ಹಿಂಬಾಲಿಸುತ್ತಿದ್ದರೆ, ಅಥವಾ ಒಮ್ಮೆ ಹಲ್ಲು ಚರ್ಮ ಸೀಳಿದರೆ, ಈ ಜೋಡಿ ಕೂಡಲಿಲ್ಲವೆಂದು ಒಪ್ಪಿಕೊಂಡು ತಂದಲ್ಲಿಗೇ ಮರಳಿಸಿ. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಏನಾಯಿತು, ಯಾವಾಗ, ಎಷ್ಟು ದೂರದಲ್ಲಿ ಎಂದು ಬರೆದುಕೊಡಿ. ಮಕ್ಕಳಿಲ್ಲದ ಮನೆಯಲ್ಲಿ ಅದೇ ನಾಯಿ ಚಿನ್ನದಂತೆ ಇದ್ದೀತು. ಬೀದಿಗೆ ಬಿಡುವುದು ಮಾತ್ರ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊದಲ ತಪ್ಪಿಗೆ ದಂಡ ಇಂದಿಗೂ ಹತ್ತರಿಂದ ಐವತ್ತು ರೂಪಾಯಿ ಅನ್ನುವುದು ಬೇರೆ ಮಾತು.

ಕಚ್ಚಿದರೆ ಗಾಯವನ್ನು ಸೋಪು ಹಾಕಿ ನಲ್ಲಿಯ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು. ಖಾರದ ಪುಡಿ, ಸುಣ್ಣ, ಕಾಫಿಪುಡಿ ಒತ್ತಬೇಡಿ. ನಾಯಿಗೆ ಲಸಿಕೆ ಆಗಿದ್ದರೂ ಅಂದೇ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ರೇಬಿಸ್ ಲಸಿಕೆ 0, 3, 7, 28ನೇ ದಿನ. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು. ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಿಕೊಳ್ಳಿ.

ಪ್ರಶ್ನೆ: ಏಳು ವರ್ಷದ ಲ್ಯಾಬ್ರಡಾರ್ ಗಂಡು ಇದೆ. ಅದಕ್ಕೆ ಜೊತೆಯಿರಲಿ ಎಂದು ಇನ್ನೊಂದನ್ನು ತರಬೇಕೆಂದಿದ್ದೇವೆ. (ಓದುಗರು, ಮಂಗಳೂರು)

ಜೊತೆ ಬೇಕಾಗಿರುವುದು ಅದಕ್ಕೋ ನಿಮಗೋ ಎಂದು ಮೊದಲು ನೋಡಿ. ನಡಿಗೆಯಲ್ಲಿ ಬೇರೆ ನಾಯಿ ಕಂಡರೆ ಬಾಲ ಸಡಿಲವಾಗಿ ಆಡಿಸುತ್ತಾ ಹೋಗುವ ನಾಯಿಗೆ ಜೊತೆ ಸರಿ. ಎಲ್ಲರನ್ನೂ ಬಿಟ್ಟು ನಿಮ್ಮ ಕಾಲಡಿಗೇ ಬಂದು ಮಲಗುವುದಕ್ಕೆ ಹೊಸಬರು ಬೇಕಿಲ್ಲ. ತರುವುದಾದರೆ ಸಂತಾನಹರಣವಾದ ಹೆಣ್ಣು, ಎರಡು ವರ್ಷ ದಾಟಿದ್ದು. ಮರಿ ತಂದರೆ ಮೊಣಕಾಲು ನೋವಿನ ಲ್ಯಾಬ್‌ನ ಬಾಲಕ್ಕೆ ಅದು ದಿನವಿಡೀ ಜೋತುಬೀಳುತ್ತದೆ.

ಹೊಸದನ್ನು ಎರಡು ವಾರ ಬೇರೆ ಕೋಣೆಯಲ್ಲಿಡಿ. ಸೋಂಕಿದ್ದರೆ ಹೊರಬೀಳುತ್ತದೆ. ಮೊದಲ ಭೇಟಿ ಮನೆಯಲ್ಲಿ ಬೇಡ, ಯಾರದೂ ಅಲ್ಲದ ರಸ್ತೆಯಲ್ಲಿ. ಇಬ್ಬರು ಎರಡು ನಾಯಿ ಹಿಡಿದು, ನಡುವೆ ಇಪ್ಪತ್ತಡಿ ಬಿಟ್ಟು, ಒಂದೇ ದಿಕ್ಕಿಗೆ ನಡೆಯಿರಿ. ಎದುರುಬದುರು ತರಬೇಡಿ. ಎರಡೂ ನೆಲ ಮೂಸಿಕೊಂಡು ಆರಾಮಾಗಿ ನಡೆದರೆ ದಿನದಿನಕ್ಕೆ ಅಂತರ ಕಡಿಮೆ ಮಾಡಿ. ಲೀಶ್ ಬಿಗಿಯಾದಷ್ಟೂ ಜಗಳ ಹತ್ತಿರ. ಮನೆಗೆ ಬರುವಾಗ ಹೊಸದು ಮೊದಲು ಒಳಗೆ, ಹಳೆಯದು ಆಮೇಲೆ. ಅಷ್ಟರಲ್ಲಿ ಚೆಂಡು, ಮೂಳೆ, ತಟ್ಟೆ ಎಲ್ಲ ಎತ್ತಿಟ್ಟಿರಿ. ಊಟ ತಿಂಗಳುಗಟ್ಟಲೆ ಬೇರೆ ಬೇರೆ ಕೋಣೆಯಲ್ಲೇ ಆಗಲಿ. ಮೊದಲ ವಾರ ಚೆನ್ನಾಗಿದ್ದವೆಂದು ಮೂರನೇ ವಾರ ಒಟ್ಟಿಗೆ ತಟ್ಟೆ ಇಟ್ಟ ಮನೆಗಳಲ್ಲೇ ಹೊಲಿಗೆ ಹಾಕಿಸುವಂಥ ಜಗಳ ಆಗುವುದು.

ಪ್ರಶ್ನೆ: ನಮ್ಮ ಬೀದಿಯ ನಾಯಿಗೆ ನಾಲ್ಕು ವರ್ಷದಿಂದ ಊಟ ಹಾಕುತ್ತಿದ್ದೇನೆ. ಕಿವಿಯ ತುದಿಯಲ್ಲಿ ಕಚ್ಚು ಇದೆ, ಆಪರೇಷನ್ ಆಗಿದೆಯಂತೆ. ಮನೆಯೊಳಗೆ ಸೇರಿಸಿಕೊಳ್ಳಲೇ? (ಓದುಗರು, ಧಾರವಾಡ)

ನಾಯಿಯನ್ನೇ ಕೇಳಿ. ಸಂಜೆ ಗೇಟು ತೆರೆದಿಟ್ಟು ಊಟವನ್ನು ಒಳಗೆ ಮೆಟ್ಟಿಲ ಹತ್ತಿರ ಇಡಿ. ತಿಂದು ಅಲ್ಲೇ ಗೋಣಿಚೀಲದ ಮೇಲೆ ಮಲಗುತ್ತದೆಯೇ, ಬಾಯಿ ಒರೆಸಿಕೊಂಡು ತನ್ನ ಮೂಲೆ ಅಂಗಡಿಗೆ ವಾಪಸಾಗುತ್ತದೆಯೇ ಒಂದು ತಿಂಗಳು ನೋಡಿ. ತಾನಾಗಿ ಮಲಗಿದರೆ ಮುಂದಿನ ಹೆಜ್ಜೆ: ಬೆಲ್ಟು ಅಭ್ಯಾಸ, ಬಾಗಿಲು ತೆರೆದಿಟ್ಟೇ ಒಂದು ಗಂಟೆ ಒಳಗೆ, ಆಮೇಲೆ ರಾತ್ರಿ. ಬಾಗಿಲು ಮುಚ್ಚಿದ ಕೂಡಲೇ ಜೊಲ್ಲು ಸುರಿಸಿ ಕೆರೆಯತೊಡಗಿದರೆ ಬಲವಂತ ಬೇಡ. ಹತ್ತು ಮನೆ, ಎರಡು ಅಂಗಡಿ, ನಾಲ್ಕು ಗೆಳೆಯರಿರುವ ನಾಯಿಗೆ ನಿಮ್ಮ ಹಾಲ್ ಚಿಕ್ಕದಾಗಿ ಕಾಣುವುದರಲ್ಲಿ ತಪ್ಪೇನಿದೆ? ಎಲ್ಲ ಬೀದಿನಾಯಿಗೂ ಮನೆ ಬೇಕೆಂದಿಲ್ಲ. ಮನೆಯಿಂದ ಬೀದಿಗೆ ಬಿದ್ದದ್ದಕ್ಕೆ, ಕಾಲು ಕಳೆದುಕೊಂಡದ್ದಕ್ಕೆ, ಮುದಿಯಾದದ್ದಕ್ಕೆ ಬೇಕು.

2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಆಪರೇಷನ್ನೂ ಲಸಿಕೆಯೂ ಆದ ಬೀದಿನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು. ಕಿವಿಯ ಕಚ್ಚು ಅದರ ಗುರುತು. ಸುಪ್ರೀಂ ಕೋರ್ಟು 2025ರ ಆಗಸ್ಟ್ 22ರ ಆದೇಶದಲ್ಲಿ, ಬೀದಿನಾಯಿ ದತ್ತು ಬೇಕೆನ್ನುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಡಬಹುದು, ದತ್ತು ಪಡೆದ ನಾಯಿ ಮತ್ತೆ ಬೀದಿಗೆ ಹೋಗದಂತೆ ನೋಡಿಕೊಳ್ಳುವುದು ಅವರದೇ ಹೊಣೆ ಎಂದಿದೆ. ಹಗಲು ಬೀದಿಗೆ, ರಾತ್ರಿ ಮನೆಗೆ ಎಂಬ ನಮ್ಮೂರಿನ ಅರೆಸಾಕು ಪದ್ಧತಿಗೆ ಅಲ್ಲಿ ಜಾಗವಿಲ್ಲ. ಒಳಗೆ ಬರಲೊಲ್ಲದಿದ್ದರೆ ಪ್ರತಿವರ್ಷ ರೇಬಿಸ್ ಲಸಿಕೆ ಹಾಕಿಸಿ, ರಾತ್ರಿ ಹೊಳೆಯುವ ಪಟ್ಟಿ ಕಟ್ಟಿ, ಊಟ ಹಾಕುತ್ತಿರಿ.

ಪ್ರಶ್ನೆ: ದತ್ತು ತಂದ ಮ‌ರಿ ಪಾರ್ವೊ (ಮರಿಗಳಿಗೆ ವಾಂತಿ, ಭೇದಿ ತರುವ ವೈರಸ್ ರೋಗ) ಬಂದು ಸತ್ತುಹೋಯಿತು. ಇನ್ನೊಂದು ಮರಿ ಯಾವಾಗ ತರಬಹುದು? (ಓದುಗರು, ತುಮಕೂರು)

ಒಂದು ವರ್ಷ ಮರಿ ಬೇಡ. ಪಾರ್ವೊ ವೈರಸ್ ನೆರಳಿನ ಮಣ್ಣಿನಲ್ಲಿ ವರ್ಷದವರೆಗೂ ಬದುಕಿರಬಲ್ಲದು. ಫಿನಾಯಿಲ್ ಅದನ್ನು ಕೊಲ್ಲುತ್ತದೆ ಎಂದು ನಂಬಬೇಡಿ. ನೆಲವನ್ನು ಮೊದಲು ಸೋಪಿನಿಂದ ಉಜ್ಜಿ ತೊಳೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂವತ್ತು ಪಾಲು ನೀರು ಬೆರೆಸಿ ಸುರಿದು, ಹತ್ತು ನಿಮಿಷ ಒದ್ದೆಯಾಗೇ ಬಿಡಿ. ಕೊಳೆಯ ಮೇಲೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಹಾಸಿಗೆ, ಬಟ್ಟಲು, ಬೆಲ್ಟು ಬಿಸಾಡಿ. ಅಂಗಳದ ಮಣ್ಣಿಗೆ ಬಿಸಿಲೊಂದೇ ಮದ್ದು. ಲಸಿಕೆ ಪೂರ್ತಿಯಾದ ಬೆಳೆದ ನಾಯಿಯನ್ನಾದರೆ ಮನೆ ತೊಳೆದ ಮೇಲೆ ತರಬಹುದು.

ಚುಟುಕಾಗಿ ಕೆಲವು

*ಹೆಣ್ಣು ಬೇಡ, ಗಂಡೇ ಬೇಕು (ಹಾಸನ):* ಬೆದೆ, ಮರಿ, ಗಲೀಜು ಎಂಬ ಭಯವಾದರೆ ಆರು ತಿಂಗಳ ಸುಮಾರಿಗೆ ಆಪರೇಷನ್ ಮಾಡಿಸಿದ ಮೇಲೆ ಆ ಮೂರೂ ಇಲ್ಲ. ಊರಾಚೆ ಚೀಲದಲ್ಲಿ ತಂದು ಬಿಡುವ ಮರಿಗಳಲ್ಲಿ ಹೆಣ್ಣೇ ಹೆಚ್ಚು. ಆದ್ದರಿಂದ ಆಯ್ಕೆಗೆ ನಿಮಗೆ ಹೆಚ್ಚು ಸಿಗುವುದೂ ಹೆಣ್ಣೇ.

*ಯಾರೋ ಬಿಟ್ಟುಹೋದ ಮುಧೋಳ ನಾಯಿ ಸಿಕ್ಕಿದೆ, ಫ್ಲ್ಯಾಟಿನಲ್ಲಿ ಇಡಬಹುದೇ (ಬೆಂಗಳೂರು):* 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಮ್ಮ ಬಾಗಲಕೋಟೆ ಜಿಲ್ಲೆಯ ಈ ನಾಯಿ ಕಣ್ಣಿಗೆ ಕಂಡದ್ದನ್ನು ಓಡಿ ಹಿಡಿಯಲೆಂದೇ ಬೆಳೆದದ್ದು. ಬೇಟೆ ಕಂಡರೆ ಹೆಸರು ಹಿಡಿದು ಕೂಗಿದರೂ ಕಿವಿಗೆ ಬೀಳುವುದಿಲ್ಲ. ಆರಡಿ ಬೇಲಿಯ ತೋಟ ಇರುವವರನ್ನು ಹುಡುಕಿ. ಬೆಕ್ಕು, ಕೋಳಿ ಇದ್ದ ಮನೆ ಬೇಡ.

*ನಮಗೆ ಅರವತ್ತೆಂಟು, ಎಪ್ಪತ್ತೆರಡು ವಯಸ್ಸು (ದಾವಣಗೆರೆ):* ಎಂಟು ಹತ್ತು ವರ್ಷದ ನಾಯಿ ಕೇಳಿ, ಹದಿನೈದು ಕಿಲೋ ಒಳಗಿನದು. ಲೀಶ್ ಎಳೆಯದ್ದೇ ಆಗಬೇಕು, ಎಳೆದರೆ ಸೊಂಟದ ಮೂಳೆ ನಿಮ್ಮದು. ನಿಮ್ಮಲ್ಲೊಬ್ಬರು ಆಸ್ಪತ್ರೆ ಸೇರಿದರೆ ನಾಯಿ ಯಾರ ಮನೆಗೆ ಎಂದು ಮಕ್ಕಳಿಂದಲೋ ನೆರೆಯವರಿಂದಲೋ ಈಗಲೇ ಬರೆಸಿಕೊಂಡಿರಿ.

*ಅಪಾರ್ಟ್‌ಮೆಂಟ್ ಸಂಘದವರು ನಾಯಿ ಕೂಡದು, ಲಿಫ್ಟ್ ಹತ್ತಿಸಬೇಡಿ ಅನ್ನುತ್ತಾರೆ (ಬೆಂಗಳೂರು):* ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯಂತೆ ಸಂಘಗಳು ಸಾಕುನಾಯಿ ನಿಷೇಧಿಸುವಂತಿಲ್ಲ, ಲಿಫ್ಟಿಗೆ ಬೇರೆ ಶುಲ್ಕವನ್ನೂ ಹಾಕುವಂತಿಲ್ಲ. ಬಾಡಿಗೆ ಕರಾರಿನಲ್ಲಿ ಮಾಲೀಕರೇ ಬೇಡವೆಂದು ಬರೆಸಿದ್ದರೆ ಅದು ಬೇರೆ ವಿಷಯ. ಕಕ್ಕ ಎತ್ತಲು ಚೀಲ ಜೇಬಿನಲ್ಲಿರಲಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

*ಎರಡು ವರ್ಷದಲ್ಲಿ ವಿದೇಶಕ್ಕೆ ಹೋಗಬಹುದು, ನಾಯಿಯನ್ನೂ ಒಯ್ಯುತ್ತೇವೆ (ಬೆಂಗಳೂರು):* ಮೊದಲು ಮೈಕ್ರೋಚಿಪ್, ಆಮೇಲೆ ರೇಬಿಸ್ ಲಸಿಕೆ. ಈ ಕ್ರಮ ತಪ್ಪಿದರೆ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ. ಯೂರೋಪಿಗಾದರೆ ಲಸಿಕೆಯಾಗಿ ಮೂವತ್ತು ದಿನದ ಮೇಲೆ ಅದು ಹಿಡಿದಿದೆಯೇ ಎಂದು ನೋಡುವ ರಕ್ತಪರೀಕ್ಷೆ, ರಕ್ತ ತೆಗೆದು ಮೂರು ತಿಂಗಳು ಕಾಯಬೇಕು. ಅಮೆರಿಕ 2024ರ ಆಗಸ್ಟಿನಿಂದ ಆರು ತಿಂಗಳು ತುಂಬದ ನಾಯಿಯನ್ನು ಒಳಗೆ ಬಿಡುತ್ತಿಲ್ಲ. ಭಾರತವು ರೇಬಿಸ್ ಅಪಾಯದ ದೇಶಗಳ ಪಟ್ಟಿಯಲ್ಲಿರುವುದರಿಂದ, ಇಲ್ಲಿ ಲಸಿಕೆ ಹಾಕಿಸಿದ ನಾಯಿಗೆ ರಕ್ತಪರೀಕ್ಷೆಯ ವರದಿ ಇಲ್ಲದಿದ್ದರೆ ಅಲ್ಲಿ 28 ದಿನ ಕ್ವಾರಂಟೈನ್. ಒಯ್ಯಲು ಆಗದಿದ್ದರೆ ಯಾರು ಸಾಕುತ್ತಾರೆ ಎಂಬುದನ್ನು ದತ್ತು ಅರ್ಜಿಯಲ್ಲೇ ಬರೆಯಿರಿ.

*ದೀಪಾವಳಿ ರಜೆಯಲ್ಲಿ ನಾಲ್ಕು ದಿನ ಮನೆಯಲ್ಲಿರುತ್ತೇವೆ, ಆಗಲೇ ನಾಯಿ ತರುವುದು ಅನುಕೂಲ (ಬೆಳಗಾವಿ):* ಬೇಡ. ಮನೆ ಯಾವುದೆಂದೇ ತಿಳಿಯದ ನಾಯಿ ಪಟಾಕಿಗೆ ಬೆದರಿ ಓಡಿದರೆ ಹಿಂದಿರುಗಲು ಅದಕ್ಕೆ ವಿಳಾಸವಿರುವುದಿಲ್ಲ. ತುಳಸಿ ಹಬ್ಬ ಕಳೆದು, ಉಳಿದ ಪಟಾಕಿಯನ್ನೂ ಮಕ್ಕಳು ಹೊಡೆದು ಮುಗಿಸಿದ ಮೇಲಿನ ವಾರ ಎರಡು ದಿನ ರಜೆ ಹಾಕಿ, ಶುಕ್ರವಾರ ಬೆಳಿಗ್ಗೆ ತನ್ನಿ.